ಒಂದು ಸ್ಲ್ಯಾಶ್, ಒಂದು ಹೆಡರ್, ಒಂದು ಶನಿವಾರ

ಹಳೆಯ ಪಿಎಚ್‌ಪಿ ತಾಣದ ಲೇಖನಗಳೆಲ್ಲ ನೋಡ್ ಆ್ಯಪ್‌ಗೆ ಬಂದಾಗಿತ್ತು. ಆ್ಯಪ್ ಓಡುವುದು 3000ನೇ ಪೋರ್ಟಿನಲ್ಲಿ, ಹೊರಗಿನವರಿಗೆ ಕಾಣುವುದು 443ರಲ್ಲಿ ಕೂತ ಎಂಜಿನೆಕ್ಸ್ (ಬಂದ ಕೋರಿಕೆಯನ್ನು ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್) ಮಾತ್ರ. ಶನಿವಾರದ ಕೆಲಸ ಎರಡು: ಹಳೆಯ ಲಿಂಕುಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವುದು, ಉಳಿದದ್ದನ್ನು ಒಳಗೆ ದಾಟಿಸುವುದು.

ಬೆಳಿಗ್ಗೆ ಎಲ್ಲ ಲೇಖನಕ್ಕೂ 404, ಅಂದರೆ ‘ಪುಟ ಸಿಗಲಿಲ್ಲ’. ಎಂಜಿನೆಕ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಲೊಕೇಶನ್ (ಯಾವ ವಿಳಾಸಗಳಿಗೆ ಈ ನಿಯಮ) ‘/ಓದು/’, ಪ್ರಾಕ್ಸಿ ಪಾಸ್ (ಎಲ್ಲಿಗೆ ದಾಟಿಸಬೇಕು) ಸಾಲಿನಲ್ಲಿ 3000ದ ನಂತರ ಒಂದು ಸ್ಲ್ಯಾಶ್. ತಪ್ಪು ಆ ಸ್ಲ್ಯಾಶಿನದೇ. ಅದು ಇದ್ದರೆ ಲೊಕೇಶನ್‌ಗೆ ಹೊಂದಿದ ಭಾಗ ಕಳಚಿ ‘/ಓದು/412’ ಬರೀ ‘/412’ ಆಗಿ ಒಳಹೋಗುತ್ತದೆ. ತೆಗೆದರೆ ಪೂರ್ತಿ ವಿಳಾಸ ಹಾಗೇ ದಾಟುತ್ತದೆ. ಲೊಕೇಶನ್‌ನ ಕೊನೆಯಲ್ಲಿ ಸ್ಲ್ಯಾಶ್ ಇಲ್ಲದೆ ಪಾಸ್‌ನಲ್ಲಿ ಮಾತ್ರ ಇದ್ದರೆ ‘//412’. ಇದನ್ನು ಬ್ರೌಸರ್ ನೋಡಿ ಊಹಿಸುವುದಕ್ಕಿಂತ ಆ್ಯಪ್‌ನ ಲಾಗ್ ತೆರೆದು ಯಾವ ವಿಳಾಸ ತಲುಪಿದೆ ಎಂದು ನೋಡುವುದೇ ಸರಿ.

ಕನ್ನಡ ವಿಳಾಸದ ವಿಷಯ ಬೇರೆ. ‘ಓದು’ ಎಂಬ ಪದ ಯುಟಿಎಫ್-8ರಲ್ಲಿ 9 ಬೈಟು, ಆಕ್ಸೆಸ್ ಲಾಗ್‌ನಲ್ಲಿ ಪರ್ಸೆಂಟ್ ಚಿಹ್ನೆಗಳ ಸಮೇತ ಬೈಟಿಗೆ ಮೂರರಂತೆ 27 ಅಕ್ಷರ. ಲೊಕೇಶನ್‌ನಲ್ಲಿ ಕನ್ನಡವನ್ನೇ ಬರೆಯಬಹುದು, ಏಕೆಂದರೆ ಎಂಜಿನೆಕ್ಸ್ ಹೋಲಿಸುವುದು ಡಿಕೋಡ್ ಆದ ವಿಳಾಸವನ್ನು. ಆದರೆ ಬೇರೆ ವಿಳಾಸಕ್ಕೆ ತಿರುಗಿಸುವ ‘ರಿಟರ್ನ್’ನಲ್ಲಿ ಅದು ಏನನ್ನೂ ಎನ್‌ಕೋಡ್ ಮಾಡುವುದಿಲ್ಲ. ಅಲ್ಲಿ ಆ 27 ಅಕ್ಷರವನ್ನೇ ಕೈಯಾರೆ ಬರೆಯಬೇಕು.

ಹಳೆಯ ಲಿಂಕು ‘ಆರ್ಟಿಕಲ್.ಪಿಎಚ್‌ಪಿ?ಐಡಿ=412’. ವಿಳಾಸ ಬದಲಿಸುವ ರೀರೈಟ್‌ನ ರೆಜೆಕ್ಸ್ (ಹೋಲಿಸುವ ಮಾದರಿ) ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನದನ್ನು ನೋಡುವುದೇ ಇಲ್ಲ, ಎಷ್ಟು ತಿದ್ದಿದರೂ ಹೊಂದುವುದಿಲ್ಲ. ಆ ಫೈಲಿಗೆ ಸಮ ಚಿಹ್ನೆಯ (ಆ ವಿಳಾಸಕ್ಕೆ ಮಾತ್ರ ಹೊಂದುವ) ಲೊಕೇಶನ್ ಒಂದನ್ನು ಬರೆದು, ‘ಆರ್ಗ್_ಐಡಿ’ ವೇರಿಯಬಲ್‌ನಿಂದ ಸಂಖ್ಯೆ ತೆಗೆದುಕೊಂಡು ರಿಟರ್ನ್ ಮಾಡಿದರೆ ಮುಗಿಯಿತು. ಮೊದಲು 302ರಲ್ಲೇ, ಅಂದರೆ ತಾತ್ಕಾಲಿಕ ತಿರುವಿನಲ್ಲೇ, ಪರೀಕ್ಷಿಸಬೇಕು. 301 ಶಾಶ್ವತ ತಿರುವು, ಬ್ರೌಸರಿನಲ್ಲಿ ಉಳಿದುಬಿಡುತ್ತದೆ, ಸರ್ವರ್ ಸರಿಪಡಿಸಿದ ಮೇಲೂ ಓದುಗರು ತಪ್ಪು ಪುಟಕ್ಕೇ ಹೋಗುತ್ತಿರುತ್ತಾರೆ.

ಮಧ್ಯಾಹ್ನ ಲಾಗಿನ್ ಪುಟ ಗಿರಕಿ ಹೊಡೆಯಿತು. ಎಂಜಿನೆಕ್ಸ್‌ನಿಂದ ಆ್ಯಪ್‌ಗೆ ಬರುವುದು ಬರೀ ಎಚ್‌ಟಿಟಿಪಿ. ಆ್ಯಪ್ ಅದನ್ನು ಕಂಡು ಎಚ್‌ಟಿಟಿಪಿಎಸ್‌ಗೆ ಹೋಗು ಎನ್ನುತ್ತದೆ, ಬ್ರೌಸರ್ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ. ಓದುಗರು ಬಂದದ್ದು ಎಚ್‌ಟಿಟಿಪಿಎಸ್‌ನಲ್ಲೇ ಎಂದು ಹೇಳುವ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರ್ ಕಳಿಸಬೇಕು, ಆ್ಯಪ್ ಬರೆದದ್ದು ಎಕ್ಸ್‌ಪ್ರೆಸ್ (ನೋಡ್‌ನ ವೆಬ್ ಫ್ರೇಮ್‌ವರ್ಕ್) ಬಳಸಿ ಆದರೆ ‘ಟ್ರಸ್ಟ್ ಪ್ರಾಕ್ಸಿ’ಯನ್ನೂ ಆನ್ ಮಾಡಬೇಕು. ಒಂದೇ ಮಾಡಿದರೆ ಗಿರಕಿ ನಿಲ್ಲುವುದಿಲ್ಲ.

ನಂತರದ್ದು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. ವೆಬ್‌ಸಾಕೆಟ್‌ಗಾಗಿ (ತೆರೆದೇ ಇರುವ ಸಂಪರ್ಕ) ಲೊಕೇಶನ್ ಒಳಗೆ ‘ಅಪ್‌ಗ್ರೇಡ್’ ಮತ್ತು ‘ಕನೆಕ್ಷನ್’ ಹೆಡರ್ ಸೇರಿಸಿದ ಕೂಡಲೇ ಇಮೇಲ್‌ನಲ್ಲಿ ಹೋಗುವ ಲಿಂಕುಗಳೆಲ್ಲ 127.0.0.1:3000 ಆದವು. ಲೊಕೇಶನ್‌ನಲ್ಲಿ ಒಂದೇ ಒಂದು ‘ಪ್ರಾಕ್ಸಿ ಸೆಟ್ ಹೆಡರ್’ ಇದ್ದರೂ ಮೇಲಿನ ಸರ್ವರ್ ಬ್ಲಾಕಿನಿಂದ ಒಂದೂ ಇಳಿದುಬರುವುದಿಲ್ಲ. ತಾಣದ ಹೆಸರು ಹೊತ್ತ ‘ಹೋಸ್ಟ್’ ಹೆಡರ್ ಹಾಗೆ ಕಳೆದುಹೋಗಿತ್ತು. ಎಲ್ಲ ಹೆಡರನ್ನೂ ಬೇರೆ ಫೈಲಿನಲ್ಲಿಟ್ಟು ಪ್ರತಿ ಲೊಕೇಶನ್‌ಗೂ ಇನ್‌ಕ್ಲೂಡ್ ಮಾಡಿಕೊಳ್ಳುವುದು ವಾಸಿ.

ಫೋಟೊ ಹಾಕಿದಾಗ 413 (ಕಳಿಸಿದ್ದು ತೀರಾ ದೊಡ್ಡದು) ಬಂದರೆ ಡಿಫಾಲ್ಟ್ ಮಿತಿ 1 ಎಂಬಿ ಎಂದು ನೆನಪಿರಲಿ. 504 (ಉತ್ತರ ತಡವಾಯಿತು) ಬಂದರೆ 60 ಸೆಕೆಂಡಿನ ರೀಡ್ ಟೈಮ್‌ಔಟ್, 502 ಬಂದರೆ ಆ್ಯಪ್ ಎದ್ದಿದೆಯೇ ಎಂಬುದು ಮೊದಲ ಪ್ರಶ್ನೆ.

ಪ್ರತಿ ತಿದ್ದುಪಡಿಗೂ ಮೊದಲು ಎಂಜಿನೆಕ್ಸ್ ಕಮಾಂಡಿಗೆ ‘-ಟಿ’ ಹಾಕಿ ಸಿಂಟ್ಯಾಕ್ಸ್ ನೋಡಿ, ಆಮೇಲೆ ರೀಲೋಡ್. ಸಂಜೆ ಹಳೆಯ ಲಾಗ್‌ನಿಂದ ನಿಜವಾಗಿ ಓದುಗರು ಬಂದ ವಿಳಾಸಗಳನ್ನು ಹೆಕ್ಕಿ ಒಂದೊಂದನ್ನೂ ಕರ್ಲ್‌ಗೆ (ಕಮಾಂಡಿನಿಂದ ಪುಟ ಕೇಳುವ ಸಾಧನ) ಕೊಟ್ಟು, 404 ಒಂದೂ ಉಳಿದಿಲ್ಲ ಎಂದಾದ ಮೇಲೆ 302 ಇದ್ದಲ್ಲೆಲ್ಲ 301 ಆಯಿತು.