ಅವರಿಗೆ ಪುಟ ಇದೆ, ನಮ್ಮ ಭಾವನಿಗೆ ಯಾಕಿಲ್ಲ?

ಜಯನಗರದ ಒಂದು ಛತ್ರದಲ್ಲಿ ಮದುವೆ ಊಟ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ದೂರದ ಸಂಬಂಧದ ಮಾವ ನನ್ನ ಕಡೆ ವಾಲಿ, "ಏನಮ್ಮಾ, ನೀನು ವಿಕಿಪೀಡಿಯದಲ್ಲಿ ಬರೀತೀಯಂತೆ? ನಮ್ಮ ಭಾವಂದೊಂದು ಪುಟ ಹಾಕಿಬಿಡು. ಪಾಪ, ತುಂಬಾ ಸಮಾಜಸೇವೆ ಮಾಡಿದ್ದಾರೆ" ಅಂದರು. ಈಗಲೇ ಆಗದಿದ್ದರೆ ಸಂಜೆ ಹಾಕಿದರೂ ಪರವಾಗಿಲ್ಲ ಅನ್ನುವ ಧಾಟಿ.

ನಾನು ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಆಗಲ್ಲ ಅಂದರೆ ಮುಂದಿನ ಪ್ರಶ್ನೆ ರೆಡಿ ಇರುತ್ತದೆ. "ಅವರಿಗೆ ಪುಟ ಇದೆ, ಇವರಿಗೆ ಯಾಕಿಲ್ಲ? ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ತೀರ್ಮಾನ ಮಾಡೋರು ಯಾರು?" ಪ್ರತಿ ಸಲ ಸಾರನ್ನಕ್ಕೂ ಮಜ್ಜಿಗೆಗೂ ನಡುವೆ ಅರ್ಧ ಉತ್ತರ ಹೇಳಿ ಸಾಕಾಗಿದೆ. ಪೂರ್ತಿ ಉತ್ತರ ಇಲ್ಲಿ ಬರೆದಿಡುತ್ತೇನೆ.

ಮೊದಲು 'ಯಾರು' ಅನ್ನುವುದು. ಇದಕ್ಕೊಂದು ಆಫೀಸು ಇಲ್ಲ, ಅರ್ಜಿ ಫಾರಂ ಇಲ್ಲ. ಲೇಖನವನ್ನು ಯಾರು ಬೇಕಾದರೂ ಶುರು ಮಾಡಬಹುದು. ಇದು ಇರಬಾರದು ಅನ್ನಿಸಿದವರು ಅಳಿಸಿ ಅಂತ ಕೇಳಬಹುದು. ಆಮೇಲೆ ಚರ್ಚೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದು ಸಾಮಾನ್ಯವಾಗಿ 7 ದಿನ ನಡೆಯುತ್ತದೆ. ಕನ್ನಡದಲ್ಲಿ ನಾವಿರುವುದೇ ಕಮ್ಮಿ ಜನ. ಲೇಖನದ ಚರ್ಚೆ ಪುಟದಲ್ಲೋ ಅರಳಿ ಕಟ್ಟೆಯಲ್ಲೋ ಮಾತಾಡುತ್ತೇವೆ. ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರೇ ಅರಳಿ ಕಟ್ಟೆ. ಕೊನೆಗೆ ನಿರ್ವಾಹಕರೊಬ್ಬರು, ಅಂದರೆ ನಮ್ಮಲ್ಲೇ ಅಳಿಸುವ ಅಧಿಕಾರ ಇರುವವರೊಬ್ಬರು, ಉಳಿಸುತ್ತಾರೆ, ಇಲ್ಲವೇ ಅಳಿಸುತ್ತಾರೆ. ಎಷ್ಟು ಜನ 'ಪುಟ ಬೇಕು' ಅಂದರು ಅನ್ನುವುದಕ್ಕಿಂತ, ಯಾರ ಮಾತಿಗೆ ಆಧಾರ ಇದೆ ಅನ್ನುವುದು ಮುಖ್ಯ. ಹಾಗಾಗಿ ನೆಂಟರನ್ನೆಲ್ಲ ಕರೆದುಕೊಂಡು ಬಂದು ಕೈ ಎತ್ತಿಸಿದರೆ ಪ್ರಯೋಜನವಿಲ್ಲ. ಕೆಲವರು ಅದನ್ನೂ ಮಾಡಿ ನೋಡಿದ್ದಾರೆ.

ಇನ್ನು ಅಳತೆಗೋಲು. ನಾವು ಅದಕ್ಕೆ 'ಗಮನಾರ್ಹತೆ' ಅನ್ನುತ್ತೇವೆ. ಒಂದು ವಿಷಯದ ಬಗ್ಗೆ, ಅದಕ್ಕೆ ಸಂಬಂಧಪಡದ ಜನ, ನಂಬಬಹುದಾದ ಕಡೆ, ಸ್ವಲ್ಪ ವಿವರವಾಗಿ ಬರೆದಿರಬೇಕು. ಅಷ್ಟೇ. ಅವರು ಒಳ್ಳೆಯವರಾ, ಅವರ ಕೆಲಸ ದೊಡ್ಡದಾ ಅಂತ ನಾವು ತೂಗುವುದಿಲ್ಲ. ಬೇರೆಯವರು ಬರೆದದ್ದನ್ನು ಒಟ್ಟುಮಾಡಿ ಹೇಳುವುದು ನಮ್ಮ ಕೆಲಸ. ಯಾರೂ ಬರೆದೇ ಇಲ್ಲದಿದ್ದರೆ ಒಟ್ಟುಮಾಡುವುದಕ್ಕೆ ಏನಿದೆ?

ನಮ್ಮ ಬೀದಿ ಕೊನೆಯಲ್ಲಿ ಒಂದು ಹೋಟೆಲಿದೆ. ಅಲ್ಲಿನ ಖಾಲಿ ದೋಸೆ ಈ ಊರಿನ ಯಾವ ದೋಸೆಗೂ ಕಮ್ಮಿಯಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ. ಆದರೆ ಪುಟ ಇರುವುದು 1943ರಲ್ಲಿ ಶುರುವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ. ದೋಸೆ ಹೆಚ್ಚು ರುಚಿ ಅಂತಲ್ಲ. ಅದರ ಬಗ್ಗೆ ಪತ್ರಿಕೆಗಳು ಬರೆದಿವೆ, ಊರಿನ ಚರಿತ್ರೆ ಬರೆದವರು ಬರೆದಿದ್ದಾರೆ. ನಮ್ಮ ಬೀದಿ ಹೋಟೆಲಿಗೆ ಇರುವ ಸಾಕ್ಷಿ ನಾನೊಬ್ಬಳೇ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಬೆಂಗಳೂರಿನ ಬೇಗೂರಿನದು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಕೆಲವೇ ಸಾಲು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನ ಮೊದಲೇ ಈ ಹೆಸರು ಇತ್ತು. ಆ ಕೆಲವೇ ಸಾಲಿನ ಮೇಲೆ ಶಾಸನ ತಜ್ಞರು, ಇತಿಹಾಸಕಾರರು, ಪತ್ರಕರ್ತರು ಬರೆಯುತ್ತಲೇ ಇದ್ದಾರೆ. ಅದಕ್ಕೇ ಒಂದು ಕಲ್ಲಿಗೆ ಲೇಖನ ನಿಲ್ಲುತ್ತದೆ. ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವ ಮರಿ ಮುಖಂಡರಿಗೆ ನಿಲ್ಲುವುದಿಲ್ಲ. ಹಬ್ಬಕ್ಕೊಂದು ಫ್ಲೆಕ್ಸ್ ಹಾಕಿದರೂ ಅಷ್ಟೇ. ಫ್ಲೆಕ್ಸ್ ಹಾಕಿಸಿದವರು ಅವರೇ ಅಲ್ವಾ?

ಇಷ್ಟು ಹೇಳಿದ ಮೇಲೆ ಜನ ಸುಮ್ಮನಾಗುವುದಿಲ್ಲ, ಆಧಾರ ತರುತ್ತಾರೆ. ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿ. "ಪೇಪರಲ್ಲಿ ಬಂದಿದೆ" ಅನ್ನುವ ಮಾತಿನೊಳಗೆ ಎಷ್ಟೊಂದು ಥರ ಇದೆ! ಇಂದಿನ ಕಾರ್ಯಕ್ರಮಗಳ ಪಟ್ಟಿಯಲ್ಲಿ 'ಅಧ್ಯಕ್ಷತೆ' ಅಂತ ಹೆಸರು ಬಂದಿರುತ್ತದೆ. ಅದು ವಿವರ ಅಲ್ಲ. ಸಂಘದವರೇ ಬರೆದು ಕೊಟ್ಟ ಪತ್ರಿಕಾ ಪ್ರಕಟಣೆ ಒಂದಕ್ಷರ ಬದಲಾಗದೆ ಮೂರು ಪತ್ರಿಕೆಯಲ್ಲಿ ಬಂದಿರುತ್ತದೆ. ನೋಡುವುದಕ್ಕೆ ಮೂರು ಆಧಾರ, ಲೆಕ್ಕಕ್ಕೆ ಒಂದೂ ಇಲ್ಲ. ತೀರಿಕೊಂಡವರ ಬಗ್ಗೆ ವರದಿಗಾರ ವಿಚಾರಿಸಿ ಬರೆದ ನಿಧನ ವಾರ್ತೆ ಬೇರೆ, ಮನೆಯವರು ದುಡ್ಡು ಕೊಟ್ಟು ಹಾಕಿಸಿದ ಶ್ರದ್ಧಾಂಜಲಿ ಬೇರೆ. ಎರಡನ್ನೂ ಒಂದೇ ಕವರಿನಲ್ಲಿ ಇಟ್ಟುಕೊಂಡು ಬಂದವರಿಗೆ ಈ ವ್ಯತ್ಯಾಸ ಹೇಳುವಾಗ ನನಗೇ ಬಾಯಿ ಬರುವುದಿಲ್ಲ. ಗೌರವ ಡಾಕ್ಟರೇಟುಗಳ ವಿಷಯಕ್ಕೆ ಹೋಗುವುದೇ ಬೇಡ.

ಅಭಿನಂದನ ಗ್ರಂಥದ ಕಥೆ ಇನ್ನೂ ಬಿಕ್ಕಟ್ಟಿನದು. ನಮ್ಮಲ್ಲಿ ಒಬ್ಬ ಮೇಷ್ಟರಿಗೆ ಅರವತ್ತು ತುಂಬಿತು ಅಂದರೆ ಶಿಷ್ಯರು ಸೇರಿ ಒಂದು ದಪ್ಪ ಪುಸ್ತಕ ತರುತ್ತಾರೆ. ಬರೆದವರೆಲ್ಲ ಬೇಕಾದವರೇ. ನಿಯಮ ಬಿಗಿಯಾಗಿ ಹಿಡಿದರೆ ಅದು ಹೊರಗಿನವರ ಸಾಕ್ಷಿ ಅಲ್ಲ. ಆದರೆ ಆ ಮೇಷ್ಟರು ಎಲ್ಲಿ ಓದಿದರು, ಯಾವಾಗ ಏನು ಬರೆದರು ಅನ್ನುವುದು ಇನ್ನೆಲ್ಲೂ ಸಿಗುವುದಿಲ್ಲ. ನಾನು ಹೀಗೆ ಮಾಡುತ್ತೇನೆ. ಪುಟ ಇರಬೇಕಾ ಅನ್ನುವುದಕ್ಕೆ ಗ್ರಂಥವನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅವರ ಪುಸ್ತಕಗಳಿಗೆ ಬಂದ ವಿಮರ್ಶೆ ಹುಡುಕುತ್ತೇನೆ. ಅದು ಸಿಕ್ಕಿದರೆ ಹುಟ್ಟಿದ ಊರು, ಓದಿದ ಶಾಲೆಗೆಲ್ಲ ಗ್ರಂಥವನ್ನು ನೋಡುತ್ತೇನೆ. 'ಮೇರು ವ್ಯಕ್ತಿತ್ವ' ಥರದ ಮಾತುಗಳನ್ನು ಅಲ್ಲೇ ಬಿಟ್ಟು ಬರುತ್ತೇನೆ. ಎಲ್ಲರೂ ಇದನ್ನು ಒಪ್ಪುವುದಿಲ್ಲ, ಜಗಳ ಆಗಿದೆ.

"ಇಂಟರ್‌ನೆಟ್ಟಲ್ಲಿ ಜಾಗಕ್ಕೇನು ಬರ?" ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ. ಅಚ್ಚಿನ ಪುಸ್ತಕಕ್ಕೆ ಎಲ್ಲೋ ಒಂದು ಕಡೆ ಸಾಕು ಅನ್ನಲೇಬೇಕು. ನಮಗೆ ಆ ಕಟ್ಟಿಲ್ಲ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ, ಈಗ ಲೇಖನಗಳು 30 ಸಾವಿರ ದಾಟಿವೆ. ಇಂಗ್ಲಿಷಿನಲ್ಲಿ 60 ಲಕ್ಷ ದಾಟಿ ಎಷ್ಟೋ ದಿನವಾಯಿತು. ಇಷ್ಟು ಹಿಂದಿರುವಾಗ ಇರುವುದನ್ನೂ ಯಾಕೆ ಅಳಿಸುತ್ತೀರಿ ಅಂದರೆ, ಬರ ಇರುವುದು ಜಾಗಕ್ಕಲ್ಲ, ಕಾಯುವವರಿಗೆ. ಬದುಕಿರುವ ಒಬ್ಬರ ಬಗ್ಗೆ ಪುಟ ಇದ್ದರೆ ಯಾರೋ ಅದನ್ನು ನೋಡುತ್ತಿರಬೇಕು. ರಾತ್ರೋರಾತ್ರಿ ಯಾರೋ ಬಂದು ಬೈಗುಳ ಸೇರಿಸಿದರೆ, ಇಲ್ಲದ ಪ್ರಶಸ್ತಿ ಸೇರಿಸಿದರೆ, ಸರಿ ಯಾವುದು ಅಂತ ತಾಳೆ ನೋಡುವುದಕ್ಕೆ ಹೊರಗಡೆ ಬರಹ ಬೇಕು. ಅದಿಲ್ಲದ ಪುಟ ಬೀಗವಿಲ್ಲದ ಮನೆ ಇದ್ದ ಹಾಗೆ.

ಅಳತೆಗೋಲು ಸರಿಯಾಗಿದೆ ಅಂತ ಇಷ್ಟು ಹೊತ್ತು ವಾದ ಮಾಡಿದೆ. ಅದು ಸೊಟ್ಟ ಅನ್ನುವುದೂ ನನಗೆ ಗೊತ್ತು. 2018ರ ಅಕ್ಟೋಬರಿನಲ್ಲಿ ಡಾನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೂರನೇ ಹೆಂಗಸು ಅವರು. ಅವತ್ತು ಬೆಳಗ್ಗೆವರೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರಿಗೆ ಪುಟ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಯಾರೋ ಬರೆದ ಕರಡನ್ನು, ಆಧಾರ ಸಾಲದು ಅಂತ ವಾಪಸ್ ಕಳಿಸಿದ್ದರು. ನಿಯಮದ ಪ್ರಕಾರ ಮಾಡಿದ್ದೇ. ಅವರ ಬಗ್ಗೆ ಬರೆಯಬೇಕಾದವರು ಹೆಚ್ಚು ಬರೆದಿರಲಿಲ್ಲ, ನಮ್ಮ ಅಳತೆಗೋಲು ಅದನ್ನೇ ಅಳೆಯಿತು.

ನಾನೂ ಅಂಥದ್ದು ಮಾಡಿದ್ದೇನೆ. ಹೊಸದರಲ್ಲಿ ನನಗೆ ಅಳಿಸುವ ಉತ್ಸಾಹ ಜಾಸ್ತಿ ಇತ್ತು. ಹರಿಕಥೆ ಮಾಡುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ ಯಾರೋ ಆರು ಸಾಲಿನ ಲೇಖನ ಹಾಕಿದ್ದರು. ಉಲ್ಲೇಖ, ಅಂದರೆ ಮಾತು ಎಲ್ಲಿಂದ ಬಂತು ಅಂತ ತೋರಿಸುವ ಚಿಕ್ಕ ಅಂಕಿ, ಒಂದೂ ಇರಲಿಲ್ಲ. ಗೂಗಲ್ಲಿನಲ್ಲಿ ಹುಡುಕಿದೆ, ಸಿಗಲಿಲ್ಲ, ಅಳಿಸಿ ಅಂತ ಹಾಕಿದೆ. ಯಾರೂ ತಡೆಯಲಿಲ್ಲ, ಹೋಯಿತು. ಒಂದೆರಡು ವರ್ಷದ ಮೇಲೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ಬೇರೆ ಏನನ್ನೋ ಹುಡುಕುತ್ತಾ ಹಳೆಯ ವಾರಪತ್ರಿಕೆಗಳ ಕಟ್ಟು ತಿರುವಿ ಹಾಕುತ್ತಿದ್ದೆ. ಎರಡು ಪುಟ ತುಂಬಾ ಅವರೇ. ಕೈಯಲ್ಲಿ ಚಿಟಿಕೆ ಹಿಡಿದ ಫೋಟೋ. ಧೂಳಿಗೋ ನಾಚಿಕೆಗೋ ಕಣ್ಣುರಿ ಬಂತು. ಲೇಖನವನ್ನು ವಾಪಸ್ ತರಿಸಿ ನಾನೇ ಬೆಳೆಸಿದೆ. ಕನ್ನಡದ ಎಷ್ಟೋ ಬರಹ ಇನ್ನೂ ನೆಟ್ಟಿಗೆ ಬಂದೇ ಇಲ್ಲ. ಗೂಗಲ್ಲಿನಲ್ಲಿ ಇಲ್ಲ ಅನ್ನುವುದು ಬರೆದಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಅವತ್ತಿನಿಂದ ಅಳಿಸುವ ಮಾತೆತ್ತುವ ಮುಂಚೆ ಒಂದು ಭಾನುವಾರವಾದರೂ ಲೈಬ್ರರಿಯಲ್ಲಿ ಹುಡುಕುತ್ತೇನೆ.

ಇನ್ನೊಂದು ಮಾತು ಹೇಳಿದರೆ ಕೇಳುವವರಲ್ಲಿ ಅರ್ಧ ಜನ ಹಿಂದೆ ಸರಿಯುತ್ತಾರೆ. ಪುಟ ಅಂದರೆ ಸನ್ಮಾನ ಅಲ್ಲ, ಶಾಲು ಹಾರ ಇಲ್ಲ. ಒಮ್ಮೆ ಬಂದ ಮೇಲೆ ಅದು ನಿಮ್ಮದಲ್ಲ. ಕೋರ್ಟು ಕೇಸಿನ ಸುದ್ದಿ ಪತ್ರಿಕೆಯಲ್ಲಿ ಬಂದಿದ್ದರೆ ಅದೂ ಸೇರಬಹುದು. ದುಡ್ಡು ತಗೊಂಡು ಪುಟ ಮಾಡಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅವರು ಯಾರ ದುಡ್ಡು ಅಂತ ಬಹಿರಂಗವಾಗಿ ಹೇಳಲೇಬೇಕು ಅನ್ನುವುದು 2014ರಿಂದ ನಿಯಮ. ಹೇಳುವವರು ಕಮ್ಮಿ, ಸಿಕ್ಕಿಬೀಳುವವರು ಜಾಸ್ತಿ.

ಮಾವನಿಗೆ ಅವತ್ತು ಇಷ್ಟೆಲ್ಲ ಹೇಳುವುದಕ್ಕಾಗಲಿಲ್ಲ. "ಭಾವನವರ ಬಗ್ಗೆ ಯಾರಾದರೂ ಬರೆದಿದ್ದರೆ ಕಳಿಸಿ ಮಾವ" ಅಂದೆ. ರಾತ್ರಿ ವಾಟ್ಸಾಪಿಗೆ 11 ಫೋಟೋ ಬಂದವು. ಹತ್ತರಲ್ಲಿ ಭಾವ ಯಾರಿಗೋ ಹಾರ ಹಾಕುತ್ತಿದ್ದಾರೆ, ಇಲ್ಲ ಯಾರೋ ಅವರಿಗೆ ಹಾಕುತ್ತಿದ್ದಾರೆ. ಹನ್ನೊಂದನೆಯದು ಹಳದಿಯಾದ ಒಂದು ಪೇಪರ್ ತುಣುಕು. ಪೇಟೆಯ ಹಳೇ ಗರಡಿ ಮನೆಯೊಂದರ ಬಗ್ಗೆ ಅರ್ಧ ಪುಟದ ಬರಹ. ಕೆಮ್ಮಣ್ಣಿನ ಮಟ್ಟಿ, ಅಲ್ಲಿ ಸಾಮು ಮಾಡಿದ ಪೈಲ್ವಾನರು, ಕರಗದ ದಿನಗಳು, ಎಲ್ಲ ಇತ್ತು. ಮಾಡು ಸೋರಿದಾಗ ಚಂದಾ ಎತ್ತಿ ರಿಪೇರಿ ಮಾಡಿಸಿದವರು ಅಂತ ಒಂದು ಕಡೆ ಭಾವನ ಹೆಸರು. ಆ ಗರಡಿಯ ಬಗ್ಗೆ ಲೈಬ್ರರಿಯಲ್ಲಿ ಇನ್ನೆರಡು ಬರಹ ಸಿಕ್ಕವು. ಲೇಖನ ಬರೆದು ಕೊಂಡಿ ಕಳಿಸಿದೆ.

ಐದೇ ನಿಮಿಷಕ್ಕೆ ಫೋನು. "ಚೆನ್ನಾಗಿದೆಯಮ್ಮಾ. ಆದ್ರೆ ನಮ್ಮ ಭಾವ ಎಲ್ಲಿ?"

"ನಾಲ್ಕನೇ ಪ್ಯಾರಾ ನೋಡಿ ಮಾವ. ಕೊನೇ ಸಾಲು."

ಸ್ವಲ್ಪ ಹೊತ್ತು ಮಾತಿಲ್ಲ. ಕನ್ನಡಕ ಹುಡುಕುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ಕೇಳಿದರು: "ಹೆಸರಿನ ಪಕ್ಕ ಚಿಕ್ಕದಾಗಿ ಮೂರು ಅಂತ ಇದೆಯಲ್ಲ, ಅದೇನು?"