ಪಿಂಗಾಣಿ ಪಿಸ್ಟನ್ನೂ ಶಹಾಬಾದ್ ಕಲ್ಲಿನ ಮನೆಯೂ

ಪುಣೆ ಹತ್ತಿರದ ಚಾಕಣ್‌ನಲ್ಲಿ ಇಂಜಿನ್ ಟೆಸ್ಟಿಂಗ್ ನನ್ನ ಕೆಲಸ. ಸೇರಿದ ಹೊಸದರಲ್ಲಿ ಕೈಗೆ ಬಂದದ್ದು ಸೆರಾಮಿಕ್ ಲೇಪನದ ಪಿಸ್ಟನ್, ಅಂದರೆ ಇಂಧನ ಉರಿದಾಗ ಸಿಲಿಂಡರಿನೊಳಗೆ ತಳ್ಳಿಸಿಕೊಂಡು ಓಡಾಡುವ ಭಾಗ. "ಕಪ್ಪು ಬಸಿ ಮಾಡೋ ಪಿಂಗಾಣಿಯಿಂದ ಇಂಜಿನ್ನಾ?" ಎಂದು ಕಲಬುರಗಿಯಿಂದ ಅಪ್ಪ ಫೋನಿನಲ್ಲಿ ನಕ್ಕಿದ್ದರು.

ನನ್ನ ಲೆಕ್ಕ ಸುಲಭದ್ದು. ಕಾರಿನಲ್ಲಿ ಉರಿಯುವ ಇಂಧನದ ಶಕ್ತಿ ಹೆಚ್ಚುಕಡಿಮೆ ಮೂರು ಪಾಲಾಗುತ್ತದೆ. ಒಂದು ಪಾಲು ಕಾರು ಓಡಿಸುತ್ತದೆ, ಒಂದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಒಂದನ್ನು ರೇಡಿಯೇಟರ್ ತಿನ್ನುತ್ತದೆ. ಅಲ್ಯೂಮಿನಿಯಂ ಪಿಸ್ಟನ್ನಿನ ತಲೆಗೆ ಶಾಖ ತಡೆಯುವ ಸೆರಾಮಿಕ್ ಆದ ಜಿರ್ಕೋನಿಯಾ ಬಳಿದರೆ ಆ ಮೂರನೇ ಪಾಲು ಉಳಿಯಬೇಕು, ಮೈಲೇಜ್ ಏರಬೇಕು, ಅಲ್ವಾ?

ಏರಿದ್ದು ಎಕ್ಸಾಸ್ಟಿನ ಬಿಸಿ. ತಡೆದ ಶಾಖದ ಬಹುಪಾಲು ಪಿಸ್ಟನ್ನನ್ನು ತಳ್ಳದೆ ಹೊಗೆಯ ಜೊತೆ ಹೊರಟುಹೋಗಿತ್ತು. ಸೆನ್ಸರ್ ಕೆಟ್ಟಿದೆ ಎಂದು ಎರಡು ದಿನ ಸುಮ್ನೆ ವಾದ ಮಾಡಿದೆ. ಬದಲಿಸಿದರೂ ಅದೇ ಅಂಕಿ. ಇಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಅಂಚಿನಲ್ಲಿ ಲೇಪನ ಹಪ್ಪಳದ ಹಾಗೆ ಎದ್ದಿತ್ತು. ಕಾದಾಗ ಅಲ್ಯೂಮಿನಿಯಂ ಜಿರ್ಕೋನಿಯಾಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇದು ಪುಸ್ತಕದಲ್ಲಿ ಓದಿದ್ದೇ.

ಕ್ಯಾಂಟೀನಿನಲ್ಲಿ ಧಾರವಾಡದ ಹಿರಿಯರೊಬ್ಬರು ಕೇಳಿದರು: "ನಿಮ್ಮೂರ ಕಲ್ಲಿನ ಮನ್ಯಾಗ ಬ್ಯಾಸಗಿ ರಾತ್ರಿ ನಿದ್ದಿ ಹತ್ತತದೇನು?"

ಹತ್ತುವುದಿಲ್ಲ. ಶಹಾಬಾದ್ ಕಲ್ಲು ಹಗಲೆಲ್ಲ ಬಿಸಿ ಕುಡಿದು ರಾತ್ರಿ ಕಾರುತ್ತದೆ. ನನ್ನ ದಪ್ಪ ಲೇಪನವೂ ಹಾಗೇ. ಉರಿ ಮುಗಿದರೂ ಅದು ಕಾದೇ ಇರುತ್ತದೆ. ಒಳಗೆ ಬರುವ ಹೊಸ ಗಾಳಿ ಅದಕ್ಕೆ ತಾಗಿ ಹಿಗ್ಗುತ್ತದೆ, ಸಿಲಿಂಡರಿಗೆ ಸೇರುವ ಗಾಳಿಯೇ ಕಡಿಮೆಯಾಗುತ್ತದೆ. ಪೆಟ್ರೋಲ್ ಇಂಜಿನ್ನಾದರೆ ಇಂಧನ ತಾನಾಗಿಯೇ ಸಿಡಿದು ಬಡಿಯುವ ನಾಕಿಂಗ್ ಕಾಟ ಬೇರೆ.

ಆಮೇಲೆ ಹಳೆಯ ಪ್ರಯೋಗಗಳನ್ನು ಓದಿದೆ. (ಮೊದಲೇ ಓದಬೇಕಿತ್ತು, ಬಿಡಿ.) 1980ರ ದಶಕದಲ್ಲಿ ಇಂಜಿನ್ ಕಂಪನಿ ಕಮಿನ್ಸ್ ಅಮೆರಿಕದ ಸೇನೆಗಾಗಿ ರೇಡಿಯೇಟರೇ ಇಲ್ಲದ ಟ್ರಕ್ ಇಂಜಿನ್ ಕಟ್ಟಿತ್ತು. ಎಕ್ಸಾಸ್ಟಿಗೆ ಹೋಗುವ ಶಾಖವನ್ನು ಹಿಡಿಯಲು ಇನ್ನೊಂದು ಟರ್ಬೈನ್ (ಹೊಗೆಯ ರಭಸಕ್ಕೆ ತಿರುಗುವ ಚಕ್ರ) ಬೇಕು ಎಂದು ಅವರಿಗೆ ಮೊದಲೇ ಗೊತ್ತಿತ್ತು. ನನ್ನ ಟೆಸ್ಟ್ ಬೆಡ್‌ನಲ್ಲಿ ಅಂಥದ್ದೇನೂ ಇರಲಿಲ್ಲ.

ಟೊಯೋಟಾ 2015ರಲ್ಲಿ 2.8 ಲೀಟರ್ ಡೀಸೆಲ್ ಇಂಜಿನ್ನಿನ ಪಿಸ್ಟನ್ ಮೇಲೆ ಬೇರೆ ದಾರಿ ಹಿಡಿಯಿತು. ಸಣ್ಣ ಸಣ್ಣ ರಂಧ್ರಗಳ ತೆಳು ಆಕ್ಸೈಡ್ ಪದರ, ಗಟ್ಟಿತನಕ್ಕೆ ಸಿಲಿಕಾ. ಉರಿ ಬಿದ್ದಾಗ ಅದರ ಮೇಲ್ಮೈ ತಟ್ಟನೆ ಬಿಸಿಯಾಗುತ್ತದೆ, ಹೊಸ ಗಾಳಿ ಬರುವ ಹೊತ್ತಿಗೆ ತಟ್ಟನೆ ಆರುತ್ತದೆ.

"ಹುಲ್ಲಿನ ಚಪ್ಪರ ಅನ್ನು," ಎಂದರು ಅಪ್ಪ.