ಹತ್ತು ಮೀಟರ್ ಕೇಬಲ್ ನುಂಗಿದ ಹೈಡ್ರೋಜನ್

ಹೋದ ಬೇಸಿಗೆಯಲ್ಲಿ ನಮ್ಮ ಮನೆ ತಾರಸಿ ಮೇಲೆ ಒಂದು ತಗಡಿನ ಡಬ್ಬ ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತಿತ್ತು. ಆ ಬಾಯಿಗೆ ರಟ್ಟು ಮತ್ತು ಅಡುಗೆಮನೆಯ ಫಾಯಿಲ್ ಸೇರಿಸಿ ಮಾಡಿದ ದೊಡ್ಡ ಲಾಳಿಕೆ. ಪಕ್ಕದ ಮನೆ ಅಂಕಲ್ ಅದನ್ನು ಸೋಲಾರ್ ಒಲೆ ಅಂದುಕೊಂಡಿದ್ದರು, ನಾನೂ ಅಲ್ಲ ಅನ್ನಲಿಲ್ಲ. ಅದು ಹಾರ್ನ್ ಆಂಟೆನಾ. ನಮ್ಮ ಗ್ಯಾಲಕ್ಸಿಯಲ್ಲಿ ಹರಡಿರುವ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ ಹೊರಡಿಸುವ ರೇಡಿಯೋ ಅಲೆಯನ್ನು ಮನೆಯಲ್ಲೇ ಹಿಡಿಯಬೇಕು ಅನ್ನುವುದು ನನ್ನ ಹುಚ್ಚು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಇದನ್ನು ಮೊದಲ ಸಲ ಹಿಡಿದಾಗ ಅವರ ಹಾರ್ನ್ ಕೂಡ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು, ಮಳೆ ಬಂದರೆ ನೀರು ಸೀದಾ ಲ್ಯಾಬ್ ಒಳಗೆ. ಹಾಗಾಗಿ ನನ್ನ ಡಬ್ಬದ ಬಗ್ಗೆ ನನಗೆ ನಾಚಿಕೆ ಇರಲಿಲ್ಲ.

ನಾಚಿಕೆ ಆಗಿದ್ದು ಆಮೇಲೆ. ಮೂರು ವಾರ ಪ್ರತಿ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತರೂ ಪರದೆ ಮೇಲೆ ಕಂಡಿದ್ದು ಒಂದೇ ಗೆರೆ, ಚಪಾತಿ ಕಲ್ಲಿನಷ್ಟು ಚಪ್ಪಟೆ. ರಿಸೀವರ್ ಅಂದರೆ ಲ್ಯಾಪ್‌ಟಾಪಿಗೆ ಚುಚ್ಚುವ ಟಿವಿ ಡಾಂಗಲ್. ಅದರ ನಾಯ್ಸ್ ಫಿಗರ್, ಅಂದರೆ ತನ್ನದೇ ಗದ್ದಲವನ್ನು (ನಾಯ್ಸ್) ಎಷ್ಟು ಸೇರಿಸುತ್ತದೆ ಅನ್ನುವ ಅಳತೆ, ಸುಮಾರು 3.5 ಡಿಬಿ (ಡೆಸಿಬೆಲ್, ಎರಡು ಪವರ್‌ಗಳನ್ನು ಹೋಲಿಸುವ ಲೆಕ್ಕ). ಅದಕ್ಕೆ ಮುಂಚೆ ಹಾಕಲು 0.6 ಡಿಬಿ ನಾಯ್ಸ್ ಫಿಗರ್ ಇರುವ ರೆಡಿಮೇಡ್ ಲೋ ನಾಯ್ಸ್ ಆಂಪ್ಲಿಫೈಯರ್ ತಂದಿದ್ದೆ. ಎಲ್‌ಎನ್‌ಎ ಅಂತಲೇ ಕರೆಯೋಣ, ಪ್ರತಿ ಸಲ ಪೂರ್ತಿ ಹೆಸರು ಬರೆಯಲು ಕೈ ನೋಯುತ್ತದೆ. ಅದನ್ನು ಎಲ್ಲಿಟ್ಟಿದ್ದೆ ಗೊತ್ತಾ? ಕೆಳಗೆ ರೂಮಿನಲ್ಲಿ, ಲ್ಯಾಪ್‌ಟಾಪ್ ಪಕ್ಕ. ಕರೆಂಟ್ ಕೊಡಲು ಸುಲಭ ಅಂತ.

ತಾರಸಿಯಿಂದ ರೂಮಿಗೆ ಹತ್ತು ಮೀಟರ್ ಆರ್‌ಜಿ-58 ಕೇಬಲ್. ಈ ಫ್ರೀಕ್ವೆನ್ಸಿಯಲ್ಲಿ ಅಷ್ಟು ಉದ್ದದ ಕೇಬಲ್ ಸುಮಾರು 7 ಡಿಬಿ ತಿನ್ನುತ್ತದೆ. ಅಂದರೆ ಬಂದ ಸಿಗ್ನಲ್‌ನ ಐದನೇ ಒಂದು ಭಾಗ ಮಾತ್ರ ಕೆಳಗೆ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಆಂಪ್ಲಿಫೈಯರ್ ಮತ್ತೆ ದೊಡ್ಡದು ಮಾಡುತ್ತದಲ್ಲ ಅಂತ ನನ್ನ ಲೆಕ್ಕ. ಇಲ್ಲೇ ನಾನು ಎಡವಿದ್ದು. ಕೇಬಲ್ ಸಿಗ್ನಲ್ ತಿಂದು ಸುಮ್ನೆ ಕೂರುವುದಿಲ್ಲ. ಬೆಚ್ಚಗಿರುವ, ಸಿಗ್ನಲ್ ತಿನ್ನುವ ಯಾವ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ನಾಯ್ಸ್ ಹೊರಡಿಸುತ್ತದೆ. ಆ ಬಿಸಿಯನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, 290 ಕೆಲ್ವಿನ್ ಅಂದರೆ ನಮ್ಮ 17 ಡಿಗ್ರಿ. ಕೇಬಲ್ ನನ್ನ ಸಿಗ್ನಲ್ ತೆಗೆದುಕೊಂಡು ಆ ಜಾಗಕ್ಕೆ ತನ್ನ ನಾಯ್ಸ್ ತುಂಬಿ ಕಳಿಸುತ್ತಿತ್ತು. ಹಾಲಿಗೆ ನೀರು ಬೆರೆಸಿದ ಮೇಲೆ ಕಾಯಿಸಿದರೆ ಎರಡೂ ಕುದಿಯುತ್ತವೆ, ಅಲ್ವಾ?

ಇದನ್ನು 1944ರಲ್ಲೇ ಬೆಲ್ ಲ್ಯಾಬ್ಸ್‌ನ ಹರಾಲ್ಡ್ ಫ್ರಿಸ್ ಒಂದು ಸಣ್ಣ ಸೂತ್ರದಲ್ಲಿ ಹೇಳಿಬಿಟ್ಟಿದ್ದಾರೆ. ಸಿಗ್ನಲ್ ದಾಟುವ ಪ್ರತಿ ಭಾಗವೂ ಒಂದು ಹಂತ. ಮೊದಲ ಹಂತದ ನಾಯ್ಸ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಎರಡನೇ ಹಂತದ್ದು ಮೊದಲನೆಯದರ ಗೇನ್‌ನಿಂದ, ಅಂದರೆ ಅದು ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೋ ಅದರಿಂದ, ಭಾಗಿಸಿ ಬರುತ್ತದೆ. ಮೂರನೆಯದು ಮೊದಲೆರಡರ ಗೇನ್‌ನಿಂದ. ಕಾಲೇಜಿನಲ್ಲಿ ಇದಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದುಕೊಂಡವನು ನಾನು. ಕೇಬಲ್ ಕೂಡ ಒಂದು ಹಂತ, ಅದರ ಗೇನ್ ಒಂದಕ್ಕಿಂತ ಕಡಿಮೆ ಅನ್ನುವುದು ಮಾತ್ರ ತಲೆಗೆ ಹೋಗಿರಲಿಲ್ಲ.

ಒಂದು ಭಾನುವಾರ ಪೇಪರ್ ಮೇಲೆ ಲೆಕ್ಕ ಹಾಕಿದೆ. ಎಲ್‌ಎನ್‌ಎ ಕೆಳಗಿದ್ದರೆ ಇಡೀ ರಿಸೀವರಿನ ನಾಯ್ಸ್ ಟೆಂಪರೇಚರ್ (ಅದೇ ಗದ್ದಲವನ್ನು ಬಿಸಿಯ ಲೆಕ್ಕದಲ್ಲಿ ಹೇಳುವ ಅಳತೆ) ಸುಮಾರು 1400 ಕೆಲ್ವಿನ್‌ಗಿಂತ ಜಾಸ್ತಿ. ಅದೇ ಎಲ್‌ಎನ್‌ಎಯನ್ನು 15 ಡಿಬಿ ಗೇನ್ ಅಂತ ಹಿಡಿದು ಆಂಟೆನಾ ಬುಡಕ್ಕೆ ಹಾಕಿದರೆ 140ರ ಹತ್ತಿರ. ಅಂಥದ್ದೇ ಎರಡನ್ನು ಒಂದರ ಹಿಂದೆ ಒಂದು ಹಾಕಿದರೆ 50ಕ್ಕಿಂತ ಕಡಿಮೆ. ಆ ಚಪ್ಪಟೆ ಗೆರೆಯ ಮೇಲೆ ನಾನು ಹುಡುಕುತ್ತಿದ್ದ ಹೈಡ್ರೋಜನ್ ಉಬ್ಬಿನ ಎತ್ತರವೇ ಹತ್ತಾರು ಕೆಲ್ವಿನ್. 1400ರ ಮೇಲೆ 50 ಏನು ಕಾಣುತ್ತದೆ, ಅದೂ ಡಾಂಗಲ್ ಬಿಸಿಯಾದಂತೆ ಗೆರೆಯೇ ಮೇಲೆ ಕೆಳಗೆ ಆಡುವಾಗ? ಯೂವೆನ್ ಅವರ ಹತ್ತಿರ ಇಂಥ ಎಲ್‌ಎನ್‌ಎ ಇರಲೇ ಇಲ್ಲ. ಅವರು ರಿಸೀವರನ್ನು ಎರಡು ಫ್ರೀಕ್ವೆನ್ಸಿಗಳ ಮಧ್ಯೆ ಪಟಪಟ ಬದಲಾಯಿಸಿ, ವ್ಯತ್ಯಾಸ ಮಾತ್ರ ನೋಡಿ ಗೆದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ. ಎಲ್‌ಎನ್‌ಎ ಎತ್ತಿಕೊಂಡು ಮೆಟ್ಟಿಲು ಹತ್ತಿದೆ, ಕರೆಂಟನ್ನು ಬಯಾಸ್ ಟೀ (ಕರೆಂಟ್, ಸಿಗ್ನಲ್ ಎರಡೂ ಒಂದೇ ಕೇಬಲಿನಲ್ಲಿ ಸಾಗುವಂತೆ ಮಾಡುವ ಚಿಕ್ಕ ಭಾಗ) ಮೂಲಕ ಅದೇ ಕೇಬಲಿನಲ್ಲಿ ಕಳಿಸಿದೆ.

ಅಳತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. ಹಾರ್ನನ್ನು ನೆಲದ ಕಡೆ ತಿರುಗಿಸಿ, ಅದು 300 ಕೆಲ್ವಿನ್. ಆಮೇಲೆ ಖಾಲಿ ಆಕಾಶದ ಕಡೆ ತಿರುಗಿಸಿ, ಅದು ಅಂಚಿನಿಂದ ನುಸುಳುವ ನೆಲದ ಬಿಸಿಯೂ ಸೇರಿ 20 ಅಂದುಕೊಳ್ಳಿ. ಎರಡರ ಪವರ್ ವ್ಯತ್ಯಾಸವನ್ನು ವೈ ಫ್ಯಾಕ್ಟರ್ ಅನ್ನುತ್ತಾರೆ. ಮೊದಲು ನನಗೆ 0.8 ಡಿಬಿ ಸಿಗುತ್ತಿತ್ತು. ಮೇಲೆ ಒಯ್ದ ಮೇಲೆ 4 ಡಿಬಿ ದಾಟಿತು.

ಅಷ್ಟಕ್ಕೇ ಬಿಟ್ಟಿದ್ದರೆ ಒಳ್ಳೆಯದಿತ್ತು. ಮೊದಲ ಹಂತವನ್ನು ನಾನೇ ಮಾಡುತ್ತೇನೆ ಅಂತ ಹೊರಟೆ. ಕಡಿಮೆ ನಾಯ್ಸಿನ ಪಿಹೆಮ್ಟ್ ಟ್ರಾನ್ಸಿಸ್ಟರ್, ಎಫ್‌ಆರ್-4 ಅನ್ನುವ ಮಾಮೂಲಿ ಸರ್ಕ್ಯೂಟ್ ಬೋರ್ಡ್, ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಬಿಡಿಭಾಗಗಳು. ಇಲ್ಲಿ ಮೊದಲು ಒಪ್ಪಿಕೊಳ್ಳಬೇಕಾದ ವಿಷಯ ಏನೆಂದರೆ, ಆಂಟೆನಾವನ್ನು ಟ್ರಾನ್ಸಿಸ್ಟರಿಗೆ ಹೊಂದಿಸುವಾಗ ಜಾಸ್ತಿ ಪವರ್ ಒಳಗೆ ಹೋಗುವ ಹೊಂದಾಣಿಕೆ (ಮ್ಯಾಚಿಂಗ್) ಒಂದು, ಕಡಿಮೆ ನಾಯ್ಸ್ ಕೊಡುವ ಮ್ಯಾಚಿಂಗ್ ಇನ್ನೊಂದು. ಟ್ರಾನ್ಸಿಸ್ಟರ್ ತನಗೆ ಇಂಥದ್ದೇ ಇಂಪಿಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ) ಎದುರಿಗಿದ್ದರೆ ಕಡಿಮೆ ನಾಯ್ಸ್ ಮಾಡುತ್ತೇನೆ ಅಂತ ಹಟ ಹಿಡಿಯುತ್ತದೆ, ಅದು ಆಂಟೆನಾ, ಕೇಬಲ್‌ಗಳ ಮಾಮೂಲಿ 50 ಓಮ್‌ಗೂ ಸಿಗ್ನಲ್ ಪೂರ್ತಿ ಒಳಗೆ ಬರುವ ಬಿಂದುವಿಗೂ ಹೊಂದುವುದಿಲ್ಲ. ಟ್ರಾನ್ಸಿಸ್ಟರಿನ ಸೋರ್ಸ್ ಕಾಲಿಗೆ, ಅಂದರೆ ಗ್ರೌಂಡಿಗೆ ಸೇರುವ ಕಾಲಿಗೆ, ಚೂರೇ ಚೂರು ಇಂಡಕ್ಟೆನ್ಸ್ (ತಂತಿ ಸುರುಳಿಯ ಗುಣ) ಹಾಕಿದರೆ ಎರಡೂ ಹತ್ತಿರ ಬರುತ್ತವೆ. ಅದು ನಾಯ್ಸ್ ಮಾಡದೆಯೇ ಇನ್‌ಪುಟ್‌ನಲ್ಲಿ ರೆಸಿಸ್ಟರ್ ಇದ್ದ ಹಾಗೆ ತೋರಿಸುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಚಮತ್ಕಾರ ಇದು.

ಇಷ್ಟವಾಯಿತು ಅಂತ ಜಾಸ್ತಿ ಹಾಕಿಬಿಟ್ಟೆ. ಬೇಕು ಅಂತಲ್ಲ. 1.6 ಮಿಲಿಮೀಟರ್ ಬೋರ್ಡಿನಲ್ಲಿ ಗ್ರೌಂಡಿಗೆ ಇಳಿಯುವ ಒಂದೊಂದು ವಯಾ ತೂತೇ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟೆನ್ಸ್. 1.4 ಗಿಗಾಹರ್ಟ್ಸ್‌ನಲ್ಲಿ ಅದು ಸಾಧು ಪ್ರಾಣಿ. 6 ಗಿಗಾಹರ್ಟ್ಸ್‌ಗೆ ಹೋದರೆ 38 ಓಮ್, ಆಗ ಆಂಪ್ಲಿಫೈಯರ್ ಹೋಗಿ ತಾನೇ ಸಿಗ್ನಲ್ ಹುಟ್ಟಿಸುವ ಆಸಿಲೇಟರ್ ಆಗುತ್ತದೆ. ನನ್ನ ಡಾಂಗಲ್ 1.7 ಗಿಗಾಹರ್ಟ್ಸ್ ಮೇಲೆ ಕುರುಡು. ಗೇನ್ ಕಡಿಮೆ, ನಾಯ್ಸ್ ಜಾಸ್ತಿ, ಯಾಕೆ ಅಂತ ತಿಳಿಯದೆ ಎರಡು ವಾರ ಒದ್ದಾಡಿದೆ. ಕೊನೆಗೆ ಸಿಕ್ಕಿಬಿದ್ದಿದ್ದು ಮಲ್ಟಿಮೀಟರಿನಿಂದ. ಬೋರ್ಡಿನ ಹತ್ತಿರ ಬೆರಳು ತಂದರೆ ಡ್ರೈನ್ (ಟ್ರಾನ್ಸಿಸ್ಟರಿನ ಔಟ್‌ಪುಟ್ ಕಾಲು) ಕರೆಂಟ್ ಅಲ್ಲಾಡುತ್ತಿತ್ತು. ನೆಟ್ಟಗಿರುವ ಆಂಪ್ಲಿಫೈಯರಿಗೆ ನಿಮ್ಮ ಬೆರಳಿನ ಜೊತೆ ಏನು ಕೆಲಸ? ತೆಳ್ಳನೆಯ ಬೋರ್ಡಿಗೆ ಬದಲಾದೆ, ವಯಾಗಳನ್ನು ಹೆಚ್ಚಿಸಿದೆ, ಡ್ರೈನಿಗೆ ಸರಣಿಯಲ್ಲಿ 10 ಓಮ್ ರೆಸಿಸ್ಟರ್ ಹಾಕಿದೆ. ಅದು ಔಟ್‌ಪುಟ್ ಕಡೆಗೇ ಇರಬೇಕು. ಇನ್‌ಪುಟ್ ಕಡೆ ಹಾಕಿದರೆ ಮತ್ತೆ ಅದೇ ಕೇಬಲ್ ಕಥೆ.

ಇನ್‌ಪುಟ್ ಕಾಯಿಲ್ ಕೂಡ ಅಷ್ಟೇ ಮುಖ್ಯ. ಮೊದಲು ಹಾಕಿದ್ದ ಅಗ್ಗದ ಚಿಪ್ ಇಂಡಕ್ಟರ್ ತೆಗೆದು, ಮೋಟರ್ ವೈಂಡಿಂಗ್ ಅಂಗಡಿಯಿಂದ ತಂದ ತಾಮ್ರದ ತಂತಿಯನ್ನು ಡ್ರಿಲ್ ಬಿಟ್ ಮೇಲೆ ಸುತ್ತಿ ಹಾಕಿದೆ. ಸರಿಯಾದ ಸುತ್ತು ಸಿಗುವವರೆಗೆ ಹಿಗ್ಗಿಸಿ ಕುಗ್ಗಿಸಿ ಒಂದು ಸಂಜೆ ಹೋಯಿತು. ಕೊನೆಗೆ ವೈ ಫ್ಯಾಕ್ಟರ್ 6 ಡಿಬಿ. ಲೆಕ್ಕ ಹಾಕಿದರೆ ಸುಮಾರು 74 ಕೆಲ್ವಿನ್, ಅಂದರೆ ಇಡೀ ರಿಸೀವರಿಗೆ 1 ಡಿಬಿಗಿಂತ ಕೂದಲೆಳೆಯಷ್ಟು ಕಡಿಮೆ.

ನಮ್ಮ ಬೀದಿಯ ಮೊಬೈಲ್ ಟವರಿನ ಕಾಟಕ್ಕೆ ಫಿಲ್ಟರ್ ಬೇಕೇ ಬೇಕು. ಅದನ್ನು ಎಲ್ಲಕ್ಕಿಂತ ಮುಂದೆ ಹಾಕಿದರೆ 1–2 ಡಿಬಿ ಹೋಗುತ್ತದೆ, ಹಾಗಾಗಿ ಎರಡು ಎಲ್‌ಎನ್‌ಎಗಳ ನಡುವೆ ಹಾಕಿದ್ದೇನೆ. ಮೊದಲನೆಯದನ್ನು ಕಾಯುತ್ತಿರುವುದು ಡಬ್ಬವೇ. 15 ಸೆಂಟಿಮೀಟರ್ ಅಗಲದ ದುಂಡು ಡಬ್ಬದೊಳಗೆ ಸುಮಾರು 1170 ಮೆಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಸಾಗುವುದಿಲ್ಲ, 900ರ ಮೊಬೈಲ್ ಅಲೆ ಬಾಗಿಲಲ್ಲೇ ಸೊರಗುತ್ತದೆ. ಬಿಟ್ಟಿ ಫಿಲ್ಟರ್!

ಆದರೆ ಈ ಡಿಬಿ ಜಿಪುಣತನ ಎಲ್ಲ ಕಡೆ ಬೇಕಿಲ್ಲ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ನೋಡಿದವರಿಗೆ ಆಕಾಶವೇ ಹತ್ತು ಸಾವಿರ ಕೆಲ್ವಿನ್ ಆಸುಪಾಸು ಗದ್ದಲ ಮಾಡುತ್ತದೆ. ಅಲ್ಲಿ 3 ಡಿಬಿ ಎಲ್‌ಎನ್‌ಎ ಧಾರಾಳ ಸಾಕು, ಜೋರು ಸಿಗ್ನಲ್ ಬಂದಾಗ ಕಂಗಾಲಾಗದಿದ್ದರೆ ಆಯಿತು.

ಆ ಉಬ್ಬು ಕಂಡಿದ್ದು ಒಂದು ಬೆಳಗಿನ ಜಾವ, ಸಿಗ್ನಸ್ (ಹಂಸ) ನಕ್ಷತ್ರಪುಂಜ ನೆತ್ತಿಯ ಹತ್ತಿರ ಬಂದಾಗ. ಒಂದಲ್ಲ, ಒಂದು ದೊಡ್ಡದು, ಪಕ್ಕದಲ್ಲಿ ಸಣ್ಣದು. ನಮ್ಮ ಕಡೆಗೂ ಆಚೆಗೂ ಬೇರೆ ಬೇರೆ ವೇಗದಲ್ಲಿ ಸಾಗುವ ಗ್ಯಾಸ್, ಸೆಕೆಂಡಿಗೆ 1 ಕಿಲೋಮೀಟರ್ ವೇಗಕ್ಕೆ 4.7 ಕಿಲೋಹರ್ಟ್ಸ್ ಸರಿಯುತ್ತದೆ. ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಇದಕ್ಕಾ ನನ್ನ ಫಾಯಿಲ್ ಪೂರ್ತಿ ಖಾಲಿ ಮಾಡಿದ್ದು ನೀನು?" ಅಂದರು, ಆದರೂ ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದರು.

ಜೂನ್ ಮಳೆಗೆ ಕನೆಕ್ಟರ್ ಒಳಗೆ ನೀರು ಇಳಿದು ವೈ ಫ್ಯಾಕ್ಟರ್ ಮತ್ತೆ 4ಕ್ಕೆ ಬಂದಿದೆ. ಈ ಶನಿವಾರ ಎಲ್ಲ ಬಿಚ್ಚಿ ಒಣಗಿಸಬೇಕು.